ಒಂಟಿಕೊಂಬಿ

ಏಳನೆಯ ಚೀಟಿಯ ಮೇಲೆ ಅವನ ಕೈ ನಿಂತಿತು. ಬೆಳಗ್ಗೆ ಬಂದ ಕೂಡಲೇ ಹಿಂದಿನ ದಿನದ ಚೀಟಿಗಳನ್ನು ಕಂಬಿಯಿಂದ ಬಿಡಿಸಿ, ಅಕ್ಷರ ಅರ್ಥವಾಗುವಂಥವನ್ನು ಬಲಕ್ಕೂ ಆಗದವನ್ನು ಎಡಕ್ಕೂ ಹಾಕಿಕೊಳ್ಳುವುದು ಅವನ ಅಭ್ಯಾಸ. ಆರು ಚೀಟಿ ಸುಸೂತ್ರವಾಗಿ ಹೋಗಿದ್ದವು. ಯಾರದೋ ಮೊಮ್ಮಗಳು, ಯಾರದೋ ತೀರಿಕೊಂಡ ಅಜ್ಜ, ಒಬ್ಬ ಹಲ್ಲಿನ ಡಾಕ್ಟರು, ಇನ್ನೂ ಹುಟ್ಟದ ಒಂದು ಕೂಸು. ಏಳನೆಯದರಲ್ಲಿ ‘ನಕ್ಷತ್ರಕ್ಕೆ ಇಡಬೇಕಾದ ಹೆಸರು’ ಎಂಬುದರ ಮುಂದೆ, ಕೌಂಟರಿನ ಅತ್ತಿಗೆಯ ಉರುಟು ಅಕ್ಷರದಲ್ಲಿ, ‘ಒಂಟಿಕೊಂಬಿ’ ಎಂದಿತ್ತು. ‘ಕೊಡುವವರು’ ಎಂಬುದರ ಮುಂದೆ ಏನೂ ಇರಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಅಕ್ಷರಗಳು ಅಲ್ಲೇ ಇದ್ದವು. ಅದು ಹೆಸರೇ ಅಲ್ಲ. ಯಾವ ತಂದೆತಾಯಿಯೂ ಮಗುವಿಗೆ ಇಡದ, ಯಾವ ನಿಘಂಟಿನಲ್ಲೂ ಹುಡುಕಿದರೆ ಸಿಗದ ಶಬ್ದ. ಇಪ್ಪತ್ತೊಂದು ವರ್ಷದ ಹಿಂದೆ ಅವನ ಬಾಯಲ್ಲೇ ಹುಟ್ಟಿ ಅವನ ಹೆಂಡತಿಯೊಬ್ಬಳಿಗೇ ಸೇರಿದ್ದು. ಅದನ್ನು ಬಲ್ಲವರು ಇಬ್ಬರು. ಮೂರನೆಯವನೊಬ್ಬನಿಗೆ ತಿಳಿದಿದೆ ಎಂದರೆ ಇಬ್ಬರಲ್ಲಿ ಒಬ್ಬರು ಹೇಳಿರಬೇಕು. ತಾನಂತೂ ಹೇಳಿಲ್ಲ. ಮುಂದಿನದನ್ನು ಮನಸ್ಸು ತಾನಾಗಿಯೇ ಮುಗಿಸಿತು.

ಅವನು ಕೂತಿದ್ದದ್ದು ಉಡುಗೊರೆ ಅಂಗಡಿಯೊಂದರ ಹಿಂದಿನ ಕೋಣೆ. ಮುಂದೆ ಗಾಜಿನ ಕಪಾಟುಗಳಲ್ಲಿ ಗಡಿಯಾರ, ಬೊಂಬೆ, ಫೋಟೋ ಚೌಕಟ್ಟು. ನಡುವೆ ಒಂದು ಕಂದು ಪರದೆ. ಪರದೆಯ ಹಿಂದೆ ಇಳಿಜಾರು ಮೇಜು, ದೀಪ, ಇವನು. ಇಲ್ಲಿ ನಕ್ಷತ್ರಗಳಿಗೆ ಹೆಸರಿಡುತ್ತಾರೆ. ದಪ್ಪ ನೀಲಿ ಕಾಗದದ ಮೇಲೆ ಒಂದು ಆಕಾಶದ ಚಿತ್ರ, ಅದರಲ್ಲೊಂದು ಚುಕ್ಕೆಗೆ ಕೆಂಪು ಸುತ್ತು, ಕೆಳಗೆ ಬೆಳ್ಳಿ ಶಾಯಿಯಲ್ಲಿ ಹೆಸರು. ‘ಈ ದಿನದಿಂದ ಈ ನಕ್ಷತ್ರವು ಈ ಹೆಸರಿನಿಂದ ಕರೆಯಲ್ಪಡತಕ್ಕದ್ದು.’ ಯಾರು ಕರೆಯತಕ್ಕದ್ದು ಎಂದು ಬರೆದಿಲ್ಲ. ಮೊದಲ ವಾರ ಅವನು ಅದನ್ನು ಯಜಮಾನನಿಗೆ ಕೇಳಿಯೂ ಬಿಟ್ಟಿದ್ದ. “ನಕ್ಷತ್ರಕ್ಕೇನು ಬರಗಾಲ ಬಂದಿದೆಯಾ? ತಕರಾರು ಮಾಡೋಕೆ ಅದೇನು ಕೆಳಗೆ ಇಳಿದು ಬರುತ್ತಾ?” ಎಂದು ಯಜಮಾನ ನಕ್ಕಿದ್ದ. ಅದಕ್ಕೂ ಮೊದಲು ಇವನು ವಿಶ್ವವಿದ್ಯಾಲಯದಲ್ಲಿ ಪದವಿ ಪತ್ರಗಳ ಮೇಲೆ ಹೆಸರು ಬರೆಯುತ್ತಿದ್ದವನು. ಕಪ್ಪು ಶಾಯಿ, ಚಪ್ಪಟೆ ನಿಬ್ಬು, ವರ್ಷಕ್ಕೆ ನಾಲ್ಕು ಸಾವಿರ ಹೆಸರು. ಎರಡು ವರ್ಷದ ಹಿಂದೆ ಒಂದು ಯಂತ್ರ ಬಂತು. ಒಂದು ಮಧ್ಯಾಹ್ನದಲ್ಲಿ ಇವನ ಒಂದು ವರ್ಷದ ಕೆಲಸವನ್ನು ಮುಗಿಸಿ ಇನ್ನೂ ಇದೆಯಾ ಎಂಬಂತೆ ಗುಂಯ್‌ಗುಟ್ಟುತ್ತ ನಿಂತಿತು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಮೊದಲ ದಿನ ನಾಚಿಕೆಯಿಂದ, ಎರಡನೆಯ ದಿನ ಮೊದಲ ದಿನ ಹೇಳಲಿಲ್ಲವಲ್ಲ ಎಂದು. ಆಮೇಲೆ ಸುಳ್ಳು ತನ್ನಷ್ಟಕ್ಕೇ ನಡೆಯತೊಡಗಿತು. ಬೆಳಗ್ಗೆ ಅದೇ ಹೊತ್ತಿಗೆ ಅದೇ ಚೀಲ ಹಿಡಿದು ಹೊರಡುವುದು, ಸಂಜೆ ಅಂಗಡಿಯ ನಲ್ಲಿಯ ಕೆಳಗೆ ಉಗುರಿನ ಸಂದಿಯ ಬೆಳ್ಳಿಯನ್ನು ಉಜ್ಜಿ ತೆಗೆದು ಮನೆ ಸೇರುವುದು. ಹೆಂಡತಿಯ ದೃಷ್ಟಿಯಲ್ಲಿ ಅವನು ಇಂದಿಗೂ ಪದವೀಧರರ ಹೆಸರು ಬರೆಯುವವನು. ತಾ ಕಳ್ಳ ಪರರ ನಂಬ ಎನ್ನುತ್ತಾರಲ್ಲ, ಆ ಗಾದೆ ತನಗೂ ಅನ್ವಯಿಸಬಹುದು ಎಂಬುದು ಮಾತ್ರ ಆ ಬೆಳಗ್ಗೆ ಅವನಿಗೆ ಹೊಳೆಯಲಿಲ್ಲ.

ಅತ್ತಿಗೆ ಎಂದರೆ ಯಜಮಾನನ ಅತ್ತಿಗೆ. ಆದರೆ ಅಂಗಡಿಗೆಲ್ಲ, ಗಿರಾಕಿಗಳಿಗೂ ಆಕೆ ಅತ್ತಿಗೆಯೇ. ಫೋನಿನಲ್ಲಿ ಬಂದದ್ದನ್ನು ಚೀಟಿಗೆ ಇಳಿಸುವುದು, ನೀಲಿ ಕಾಗದವನ್ನು ಸುರುಳಿ ಸುತ್ತಿ ರಿಬ್ಬನ್ನು ಕಟ್ಟುವುದು ಆಕೆಯ ಕೆಲಸ. ಅವನು ಚೀಟಿ ಹಿಡಿದು ಪರದೆಯ ಆಚೆ ಬಂದು, ಬೇರೇನೋ ಕೇಳಲು ಬಂದವನಂತೆ ರಿಬ್ಬನ್ನಿನ ಉಂಡೆಯನ್ನು ಎತ್ತಿ ನೋಡಿ ಇಟ್ಟ.

“ಇದೇನಿದು ಅತ್ತಿಗೆ, ಈ ಹೆಸರು?”

“ಅದಾ? ಹಾಗೇ ಹೇಳಿದ್ರು. ಎರಡು ಸಲ ಕೇಳಿ ಬರ್ಕೊಂಡಿದ್ದೀನಿ. ದನ ಗಿನ ಇರಬೇಕು.”

“ಕೊಡುವವರ ಹೆಸರಿಲ್ಲ.”

“ಖಾಲಿ ಬಿಡಿ ಅಂದ್ರು. ಗುರುವಾರ ಹನ್ನೊಂದಕ್ಕೆ ಬಂದು ತಗೊಂಡು ಹೋಗ್ತಾರಂತೆ.”

“ಹೇಳಿದ್ದು ಗಂಡಸಾ, ಹೆಂಗಸಾ?”

ಅತ್ತಿಗೆ ಕತ್ತರಿ ಕೆಳಗಿಟ್ಟು ಅವನನ್ನು ನೋಡಿದಳು. “ನಿಮಗ್ಯಾಕೆ ಅದು? ಬರೆಯೋಕೆ ಹೆಸರು ಸಾಕಲ್ವಾ? ಶೀತ ಆಗಿತ್ತು ಪಾಪ, ದನಿಯೇ ಇರಲಿಲ್ಲ. ಕತ್ತೆ ಕೂಗಿದ ಹಾಗಿತ್ತು. ಗಂಡಸೇ ಇರಬೇಕು.”

ಗಂಡಸೇ ಇರಬೇಕು. ಅವನು ಮರಳಿ ಬಂದು ಕೂತು ನಿಬ್ಬನ್ನು ಬಟ್ಟೆಯಲ್ಲಿ ಒರೆಸತೊಡಗಿದ. ಒರೆಸಿದ ಮೇಲೂ ಒರೆಸಿದ. ಅವನಿಗೆ ನೋವಾದದ್ದು ನಕ್ಷತ್ರದಿಂದಲ್ಲ. ನಕ್ಷತ್ರದ ಬೆಲೆ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆಂಡತಿಗೆ ಯಾರೋ ಹೂವು ಕೊಟ್ಟಿದ್ದರೆ, ಸಿನೆಮಾಕ್ಕೆ ಕರೆದಿದ್ದರೆ, ಅದಕ್ಕೊಂದು ಜಗಳ ಇದೆ, ಜಗಳಕ್ಕೊಂದು ದಾರಿ ಇದೆ. ಆದರೆ ಆ ಹೆಸರನ್ನು ಅವಳು ಎತ್ತಿ ಇನ್ನೊಬ್ಬನ ಕೈಗೆ ಕೊಟ್ಟಿದ್ದಾಳೆ. ಅವನು ಅದನ್ನು ಬಾಯಲ್ಲಿ ಹಾಕಿಕೊಂಡು ಚಪ್ಪರಿಸಿದ್ದಾನೆ. ಚಪ್ಪರಿಸಿ ಫೋನಿನಲ್ಲಿ ಅತ್ತಿಗೆಗೆ ಹೇಳಿದ್ದಾನೆ. ದನ ಗಿನ ಇರಬೇಕು.

ಇಪ್ಪತ್ತೊಂದು ವರ್ಷದ ಹಿಂದೆ ಅವನಿಗೆ ಮೂವತ್ತು. ವಿಶ್ವವಿದ್ಯಾಲಯದ ಕಿಟಕಿಯಲ್ಲಿ ಒಂದು ಬಿಸಿಲು ಮಧ್ಯಾಹ್ನ ಪದವಿ ಪತ್ರವೊಂದು ಒಳಕ್ಕೆ ಬಂದು ಅವನ ಮೂಗಿನ ಕೆಳಗೆ ನಿಂತಿತ್ತು. “ನೀವೇನಾ ಬರೆದಿದ್ದು?” ಹೌದು ಎಂದ. “ನನ್ನ ಹೆಸರಿಗೆ ಕೊಂಬಿಲ್ಲ.” ನೋಡಿದರೆ ನಿಜ, ಮೂರನೆಯ ಅಕ್ಷರಕ್ಕೆ ಎಲ್ಲೂ ಇಲ್ಲದ ಒಂದು ಕೊಂಬನ್ನು ಕೊಟ್ಟುಬಿಟ್ಟಿದ್ದ. ಕ್ಷಮಿಸಿ ಅನ್ನುವುದು ಬಿಟ್ಟು, ಕಿಟಕಿಯಾಚೆಯ ಕೆಂಪೇರಿದ ಮುಖ ನೋಡಿ ಅವನ ಬಾಯಿಂದ ಬಂದದ್ದು, “ಇಲ್ವಾ? ನನಗೇನೋ ಒಂದು ಕಾಣ್ತಾ ಇದೆ.” ಹಿಂದಿದ್ದ ಸರತಿಯವರೆಲ್ಲ ನಕ್ಕರು. ಅವಳು ನಗಲಿಲ್ಲ. ತಿದ್ದುಪಡಿಗೆ ಬಂದವರ ಎದುರಿಗೆ ಬರೆಯುವವನೇ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಅವರು ಹೂಂ ಅನ್ನಬೇಕು, ಆಮೇಲೆಯೇ ನಿಬ್ಬು ಕಾಗದ ಮುಟ್ಟಬೇಕು. ಅದು ಅಲ್ಲಿನ ನಿಯಮ. ಅವನು ಅವಳ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದ. ಅವಳು ಹೂಂ ಅಂದಳು. ಆ ಹೂಂ ತುಂಬಿದ ಕೊಡಕ್ಕೆ ಬೆರಳಲ್ಲಿ ತಟ್ಟಿದ ಹಾಗಿತ್ತು. ಬರೆದು ಮುಗಿಸುವ ಮೊದಲೇ ಅವನು ಆ ದನಿಗೆ ಮರುಳಾಗಿ ಕೆಟ್ಟುಹೋಗಿದ್ದ. ಮುಂದೆ ಅದೇ ದನಿಯನ್ನು ಬಸ್ ನಿಲ್ದಾಣದವರೂ ಮೆಚ್ಚಿ, ಹೊರಡುವ ಬಸ್ಸುಗಳನ್ನು ಕೂಗಿ ಹೇಳುವ ಕೆಲಸ ಕೊಟ್ಟರು. ಮದುವೆಯಾದ ಹೊಸತರಲ್ಲಿ ಅವನು ಅವಳನ್ನು ಒಂಟಿಕೊಂಬಿ ಎಂದು ಕರೆದ. ಒಂದೇ ಕೊಂಬಿನವಳು, ತಾನೇ ಕೊಟ್ಟ ಕೊಂಬಿನವಳು. ಅಡುಗೆಮನೆಯಿಂದ ಕರೆದ, ಸ್ನಾನದ ಮನೆಯಿಂದ ಕರೆದ, ಜ್ವರ ಬಂದಾಗ ಕರೆದ. ಮಗಳು ಹುಟ್ಟಿದ ಮೇಲೆ ಅವಳು ‘ಇವಳ ಅಮ್ಮ’ ಆದಳು. ಮಗಳು ದೊಡ್ಡವಳಾಗಿ ಹಾಸ್ಟೆಲಿಗೆ ಹೋದ ಮೇಲೆ ಬರೀ ‘ಇವಳೇ’. ಈಗೀಗ ಅದೂ ಇಲ್ಲ. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರೆ ಅವಳು ತಿರುಗಿ ನೋಡುತ್ತಾಳೆ, ಅಷ್ಟಕ್ಕೇ ಕೆಲಸ ನಡೆಯುತ್ತದೆ. ಹೀಗೆ ತಾನು ಬಳಸದೆ ಮೂಲೆಗೆ ಹಾಕಿದ್ದನ್ನು ಇನ್ನೊಬ್ಬ ಎತ್ತಿಕೊಂಡ ಎಂದು ಹೊಟ್ಟೆ ಉರಿಯುವುದು ಎಂಥ ನ್ಯಾಯ ಎಂದು ಅವನ ಒಳಗೇ ಯಾರೋ ಕೇಳಿದರು.

ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ಬಸ್ ನಿಲ್ದಾಣಕ್ಕೆ ಹೋದ. ಹೋಗಿ ಮಾಡುವುದೇನು ಎಂದು ಗೊತ್ತಿರಲಿಲ್ಲ. ಅವಳ ದನಿ ಕೇಳಬೇಕು, ದನಿಯಲ್ಲಿ ಏನಾದರೂ ಹೊಸ ಕಳೆ ಇದೆಯೇ ನೋಡಬೇಕು ಎಂದುಕೊಂಡಿದ್ದ. ಕಂಬದ ಹಿಂದೆ ನಿಂತು ಕಾದ. ತಲೆಯ ಮೇಲಿನ ಧ್ವನಿವರ್ಧಕ ಕರಕರ ಎಂದು, ನಾಲ್ಕನೆಯ ಅಂಕಣದ ಬಸ್ಸು ಹೊರಡಲಿದೆ ಎಂದಿತು. ಅದು ಅವಳಲ್ಲ. ಮೂಗಿನಲ್ಲಿ ಮಾತಾಡುವ ಯಾವಳೋ. ಇನ್ನೊಂದು ಬಸ್ಸು, ಮತ್ತೆ ಆ ಮೂಗಿನವಳೇ. ಅರ್ಧ ಗಂಟೆ ನಿಂತರೂ ಅವಳ ದನಿ ಬರಲಿಲ್ಲ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆಂದು ಅವಳು ಮನೆ ಬಿಟ್ಟದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕೆಲಸಕ್ಕೆ ಬಂದಿಲ್ಲ ಎಂದರೆ ಇನ್ನೆಲ್ಲಿಗೆ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅಲ್ಲಿ ಓಡಾಡುತ್ತಿದ್ದ ಸಮವಸ್ತ್ರದ ಗಂಡಸರಲ್ಲಿ ಒಬ್ಬೊಬ್ಬನೂ ಕೆಮ್ಮುವವನಂತೆ, ಮೂಗು ಒರೆಸಿಕೊಳ್ಳುವವನಂತೆ ಕಂಡ. ಧೈರ್ಯ ಮಾಡಿ ವಿಚಾರಣೆಯ ಕಿಟಕಿಗೆ ಹೋದ. ಒಳಗೆ ದಪ್ಪ ಮೀಸೆಯವನೊಬ್ಬ ತಲೆ ಎತ್ತದೆ, “ಎಲ್ಲಿಗೆ?” ಅಂದ. ನನ್ನ ಹೆಂಡತಿ ಎಲ್ಲಿ ಎಂದು ಕೇಳುವುದಕ್ಕೆ ಹೆಂಡತಿಯನ್ನು ಕಳೆದುಕೊಂಡಿದ್ದೇನೆ ಎಂದು ಮೊದಲು ಒಪ್ಪಿಕೊಳ್ಳಬೇಕಲ್ಲ. ಬಾಯಿಗೆ ಬಂದ ಒಂದು ಊರಿನ ಹೆಸರು ಹೇಳಿದ.

“ಏಳನೇ ಅಂಕಣ. ಓಡಿ, ಹೊರಟುಬಿಟ್ಟಿದೆ.”

“ಪರವಾಗಿಲ್ಲ, ಇನ್ನೊಂದಕ್ಕೆ...”

“ಇನ್ನೊಂದು ನಾಳೆ. ಓಡಿ ಅಂದ್ನಲ್ಲ.” ಮೀಸೆಯವನು ಎದ್ದು ನಿಂತು ಕಿಟಕಿಯಿಂದ ಕೈ ಹೊರಗೆ ಚಾಚಿ ಕಂಡಕ್ಟರನಿಗೆ ಕೂಗಿದ, “ಒಬ್ಬರಿದ್ದಾರೆ, ನಿಲ್ಸಪ್ಪಾ.”

ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿ ನೋಡಿತು. ಓಡದೆ ಬೇರೆ ದಾರಿಯಿರಲಿಲ್ಲ. ಐವತ್ತೊಂದು ವರ್ಷದವನು ಚಪ್ಪಲಿ ಬಡಿಸುತ್ತ, ಹೋಗಬೇಕಾಗಿಲ್ಲದ ಊರಿನ ಬಸ್ಸಿನ ಕಡೆ ಓಡಿದ. ಯಾರೋ ಬಾಗಿಲಿನಿಂದ ಕೈ ಕೊಟ್ಟು ಎಳೆದುಕೊಂಡರು. ಮುಂದಿನ ತಿರುವಿನಲ್ಲಿ ಬೇರೆ ಬಸ್ಸು ಹತ್ತಿದ್ದೇನೆ ಎಂದು ಸುಳ್ಳು ಹೇಳಿ ಇಳಿದಾಗ ಕಂಡಕ್ಟರು ಅಂದ ಮಾತು ಕಿವಿಯಲ್ಲಿ ಬಹಳ ಹೊತ್ತು ಇತ್ತು: “ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಯಾಕ್ರೀ ಮನೆ ಬಿಡ್ತೀರಿ?”

ಅಂಗಡಿಗೆ ಬಂದು ರಿಜಿಸ್ಟರು ತೆಗೆದ. ಪ್ರತಿ ಹೆಸರಿಗೂ ಯಜಮಾನ ಒಂದು ನಕ್ಷತ್ರದ ಸಂಖ್ಯೆ ಕೊಡುತ್ತಾನೆ. ಸಂಖ್ಯೆಗಳು ಮುಗಿದಾಗ ಮತ್ತೆ ಮೊದಲಿನಿಂದ. ಹೆಂಡತಿಯ ಪಾಲಿಗೆ ಬಂದ ಸಂಖ್ಯೆಯನ್ನು ಹಿಂದಕ್ಕೆ ಹುಡುಕಿಕೊಂಡು ಹೋದ. ಅದೇ ನಕ್ಷತ್ರ ಎರಡು ವರ್ಷದ ಹಿಂದೆ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರದಾಗಿತ್ತು. ಕಳೆದ ವರ್ಷ, ಯಾರದೋ ಮನೆಯಲ್ಲಿ ವಯಸ್ಸಾಗಿ ಸತ್ತ ನಾಯಿಯದು. ಎರಡನ್ನೂ ಬರೆದವನು ಅವನೇ. ನಾಯಿಯ ಹೆಸರನ್ನು ಬಹಳ ಅಂದವಾಗಿ ಬರೆದಿದ್ದ ನೆನಪು. ಒಂದು ಗಳಿಗೆ ಅವನಿಗೆ ಖುಷಿಯಾಯಿತು. ಯಾರಪ್ಪಾ ನೀನು ಶೀತದವನೇ, ಇದನ್ನೇ ತಗೋ, ನಾಯಿ ಬಿಟ್ಟುಹೋದ ನಕ್ಷತ್ರ. ಖುಷಿ ಉಳಿಯಲಿಲ್ಲ. ಯಾಕೆಂದರೆ ಆ ಸಂಖ್ಯೆಯ ಮುಂದೆ ಕೂರುವುದು ಶೀತದವನಲ್ಲ, ಅವಳು.

ನೀಲಿ ಕಾಗದ ಮೇಜಿನ ಮೇಲೆ ಬಂತು. ನಿಬ್ಬನ್ನು ಬೆಳ್ಳಿಯಲ್ಲಿ ಅದ್ದಿದ. ‘ಒಂಟಿ’ ಬರೆದ; ಇಪ್ಪತ್ತೈದು ವರ್ಷದ ಕೈ, ಮನಸ್ಸನ್ನು ಕೇಳಿ ಬರೆಯುವ ಕೈಯಲ್ಲ ಅದು. ‘ಕೊಂ’ ಬರೆದ. ಬ ಬರೆದು, ಅದರ ತಲೆಯ ಮೇಲೆ ಗುಡಿಸು ಕೊಡಬೇಕಾದಲ್ಲಿ ನಿಬ್ಬನ್ನು ಎತ್ತಿ ಹಿಡಿದ. ಗುಡಿಸಿನ ಬದಲು ಒಂದು ಏತ್ವ ಎಳೆದರೆ ‘ಬಿ’ ಹೋಗಿ ‘ಬೆ’. ಕೊಂಬಿ ಹೋಗಿ ಕೊಂಬೆ. ಒಂಟಿಕೊಂಬೆ. ಯಾವ ಎಲೆಯೂ ಇಲ್ಲದ, ಮರದಿಂದ ಬೇರೆ ನಿಂತ ಒಂದು ಕೊಂಬೆ. ನೋಡಿದ ಯಾರೂ ತಪ್ಪೆನ್ನಲಾರರು. ಅರ್ಥವಿಲ್ಲದ ಶಬ್ದವನ್ನು ಬರೆಯುವವನು ಅರ್ಥವಿರುವ ಕಡೆಗೆ ತಿದ್ದಿದ್ದಾನೆ ಅಂದುಕೊಂಡಾರು. ಅತ್ತಿಗೆಯ ಅಕ್ಷರವೋ ದೇವರಿಗೇ ಪ್ರೀತಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಹೆಸರು ತನ್ನದು. ತಾನು ಕೊಟ್ಟದ್ದನ್ನು ತಾನೇ ವಾಪಸು ತೆಗೆದುಕೊಂಡರೆ ಕೇಳುವವರು ಯಾರು? ಅವನು ಏತ್ವ ಎಳೆದ. ಎಳೆದ ಕೂಡಲೇ, ಕೈ ತಪ್ಪಿ ಆದ ಸಾವಿರ ತಪ್ಪುಗಳಲ್ಲಿ ಒಂದೂ ಹೀಗೆ ಎದೆಯಲ್ಲಿ ತಣ್ಣಗಾಗಿರಲಿಲ್ಲ ಎಂದು ಅನ್ನಿಸಿತು. ಬೆಳ್ಳಿ ಶಾಯಿ ಬೇಗ ಒಣಗುತ್ತದೆ. ಒಣಗಿದ ಮೇಲೆ ಅದನ್ನು ಕೆರೆದು ತೆಗೆಯಲು ಬರುವುದಿಲ್ಲ.

ಸಂಜೆ ಮನೆಯಲ್ಲಿ ಅವಳು ಮಾತಾಡಲಿಲ್ಲ. ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದಳು; ಅವನು ಚೀಲ ಇಟ್ಟಾಗ ಕಣ್ಣೆತ್ತಿ ನೋಡಿ ತಟ್ಟೆ ಹಾಕಿದಳು. ಉಪ್ಪು ಬೇಕು ಎಂದರೆ ಉಪ್ಪು ಸರಿಸಿದಳು. ಇದು ಎಷ್ಟು ದಿನದಿಂದ ಹೀಗಿದೆ ಎಂದು ನೆನಪಿಸಿಕೊಳ್ಳಲು ನೋಡಿದ. ಮೂರು ದಿನವೋ ನಾಲ್ಕೋ, ಅದಕ್ಕೂ ಹಿಂದೆಯೇ ಏನು ಮಾತಾಡುತ್ತಿದ್ದರು ಎಂಬುದೂ ನೆನಪಾಗಲಿಲ್ಲ. ಆದರೆ ಇವತ್ತಿನ ಮೌನ ಬೇರೆ ಎಂದು ಅವನಿಗೆ ಖಾತ್ರಿಯಾಗಿತ್ತು. ಬಚ್ಚಿಡುವವರ ಮೌನ ಇದು. ಬಾಯಿ ತೆರೆದರೆ ಆ ಹೊಸ ಮನುಷ್ಯ ಹೊರಗೆ ಬಿದ್ದುಬಿಟ್ಟಾನು ಎಂಬ ಭಯ.

“ಇವತ್ತು ಬಸ್ಸು ಜಾಸ್ತಿ ಇತ್ತಾ?” ಎಂದು ಬಲೆ ಬೀಸಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಏನೋ ಹೇಳಲು ಬಾಯಿ ತೆರೆದು, ಬಿಟ್ಟು, ಅವನ ಬಲಗೈಯನ್ನು ನೋಡಿದಳು. ಅವನು ಬೆರಳುಗಳನ್ನು ಮಡಿಸಿ ಮೇಜಿನ ಕೆಳಗೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ ಇರಬೇಕು. ಅವಳು ಎದ್ದು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರಿನ ಸದ್ದು ಬಂತು, ಗಳಗಳ ಎಂಬ ಇನ್ನೊಂದು ಸದ್ದು. ಬಾಗಿಲಿಗೆ ಕಿವಿ ಇಟ್ಟು ಕೇಳಿದ. ನಡುವೆ ಪಿಸುಗುಟ್ಟಿದಂತಾಯಿತು. ಫೋನು ಒಳಗೆ ಒಯ್ದಿದ್ದಾಳೆ, ಮಾತು ಕೇಳಿಸದಿರಲೆಂದು ನೀರು ಬಿಟ್ಟಿದ್ದಾಳೆ. ಬಾಗಿಲು ತೆರೆದಾಗ ಅವಳ ಕೈಯಲ್ಲಿ ಇದ್ದದ್ದು ಉಪ್ಪುನೀರಿನ ಲೋಟ. ಅವನು ಸಿಕ್ಕಿಬಿದ್ದವನಂತೆ ಒಳಗೆ ನುಗ್ಗಿ ಕೈ ತೊಳೆಯತೊಡಗಿದ. ಸಾಬೂನಿನ ಪಕ್ಕ ಒಂದು ಉಜ್ಜುವ ಕಲ್ಲಿತ್ತು, ಬಹಳ ದಿನದಿಂದ ಇದೆ, ಹಿಮ್ಮಡಿಗೆಂದು ಅವಳು ತಂದದ್ದಿರಬೇಕು. ಅದರಲ್ಲೇ ಉಗುರನ್ನು ಉಜ್ಜಿದ.

ಗುರುವಾರ ಹತ್ತೂವರೆಯಿಂದಲೇ ಅವನು ಪರದೆಯ ಸಂದಿಗೆ ಕಣ್ಣಿಟ್ಟಿದ್ದ. ಬರೆಯುವುದು ಬಹಳ ಇದ್ದರೂ ನಿಬ್ಬು ಮುಟ್ಟಲಿಲ್ಲ. ಆ ಶೀತದವನು ಬಂದಾಗ ಹೇಗೆ ಹೊರಗೆ ಹೋಗಬೇಕು, ಏನನ್ನಬೇಕು ಎಂದು ಎರಡು ದಿನದಿಂದ ಅಭ್ಯಾಸ ಮಾಡಿದ್ದ. ಒಂದು ಸಲ ಕಾಲರು ಹಿಡಿದಿದ್ದ, ಇನ್ನೊಂದು ಸಲ ಬಹಳ ಗಂಭೀರವಾಗಿ ಕೈಕುಲುಕಿದ್ದ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಟೋಪಿಯವನೊಬ್ಬ ಬಂದು, ಕರ್ಚೀಫಿನಲ್ಲಿ ಮೂಗು ಹಿಂಡಿ, “ನಕ್ಷತ್ರ ತಗೊಂಡು ಹೋಗೋಕೆ ಬಂದೆ” ಎಂದ. ದನಿ ಕತ್ತೆಯದಕ್ಕಿಂತ ಏನೂ ಉತ್ತಮವಿರಲಿಲ್ಲ. ಪರದೆಯ ಹಿಂದೆ ಇವನ ರಕ್ತವೆಲ್ಲ ತಲೆಗೇರಿತು. ಇವನಾ? ಈ ಬಕ್ಕ ತಲೆಗೆ ಟೋಪಿ ಹಾಕಿದವನಾ? ಪರದೆ ಸರಿಸಲು ಕೈ ಚಾಚಿದ್ದ, ಅಷ್ಟರಲ್ಲಿ ಅತ್ತಿಗೆ ಸುರುಳಿಯೊಂದನ್ನು ಬಿಡಿಸಿ ತೋರಿಸಿದಳು. ಮನುಷ್ಯ ಹೆಸರನ್ನು ಓದಿಕೊಂಡ. “ನಮ್ಮಮ್ಮನಿಗೆ ಎಂಬತ್ತು ತುಂಬ್ತು. ಕಣ್ಣು ಕಾಣಲ್ಲ, ಆದ್ರೂ ಮುಟ್ಟಿ ನೋಡ್ತಾರೆ” ಎಂದು ಹೇಳಿ ಕಾಗದವನ್ನು ಎದೆಗೆ ಒತ್ತಿಕೊಂಡು ಹೋದ. ಅವನ ಬೆನ್ನನ್ನು ನೋಡುತ್ತ ಇವನು ನಾಚಿಕೊಂಡು ನಿಂತಿದ್ದಾಗ, ಬಾಗಿಲಲ್ಲಿ ಅವಳು ಬಂದಳು.

ಕತ್ತಿನಲ್ಲಿ ಅದೇ ಮಫ್ಲರ್. ಗಾಜಿನ ಕಪಾಟಿನ ಬೊಂಬೆಗಳನ್ನು ಒಂದು ಸುತ್ತು ನೋಡಿ, ಪರದೆಯನ್ನೂ ನೋಡಿ, ಕೌಂಟರಿಗೆ ಬಂದು ನಿಂತಳು. ಅವನಿಗೆ ಮೊದಲು ಹೊಳೆದದ್ದು, ಆ ಶೀತದವನು ತಾನು ಬರಲಾರದೆ ಇವಳನ್ನೇ ಕಳಿಸಿದ್ದಾನೆ ಎಂದು. ಅನುಮಾನಕ್ಕೆ ಎಷ್ಟು ಕಾಲುಗಳು, ಒಂದು ಮುರಿದರೆ ಇನ್ನೊಂದು ಊರುತ್ತದೆ. ಅತ್ತಿಗೆ ಸುರುಳಿ ಬಿಚ್ಚಿ ಅವಳ ಮುಂದೆ ಹಿಡಿದಳು. ಅವಳು ಓದಿದಳು. ಆ ಮುಖವನ್ನು ಸಂದಿಯಿಂದ ನೋಡಿದ ಅವನು, ತಾನು ಎಳೆದ ಏತ್ವ ಹೋಗಿ ಎಲ್ಲಿ ಕೂತಿತೆಂದು ಕಂಡ.

“ಇದರಲ್ಲಿ ತಪ್ಪಾಗಿದೆ” ಎಂದಳು. ದನಿಯಲ್ಲ ಅದು, ಒಡಕು ಗಡಿಗೆಯನ್ನು ಕೆರೆದ ಸದ್ದು. ಅವನು ಬೆಚ್ಚಿದ. ಅತ್ತಿಗೆಯ ಮುಖ ಅರಳಿತು.

“ಅಯ್ಯೋ, ಫೋನ್ ಮಾಡಿದ್ದು ನೀವೇನಾ? ನಾನು ಗಂಡಸು ಅಂತ ತಿಳ್ಕೊಂಡಿದ್ದೆ, ಬೇಜಾರು ಮಾಡ್ಕೋಬೇಡಿ. ಗಂಟಲು ಇನ್ನೂ ವಾಸಿ ಆಗಿಲ್ವಾ?”

“ಆರು ದಿನ ಆಯ್ತು. ಕೆಲಸದಲ್ಲೂ ಮೈಕಿನಿಂದ ತೆಗೆದು, ಬಸ್ಸಲ್ಲಿ ಮರೆತು ಹೋದ ಛತ್ರಿ, ಚೀಲ ಇಡೋ ಕೋಣೆಗೆ ಹಾಕಿದ್ದಾರೆ.”

ಆರು ದಿನ. ಊರಿನ ಬಸ್ಸುಗಳನ್ನೆಲ್ಲ ಹೊರಡಿಸುತ್ತಿದ್ದ ಆ ದನಿ ಬಿದ್ದುಹೋಗಿ ಆರು ದಿನವಾಗಿತ್ತು, ಒಂದೇ ಸೂರಿನ ಕೆಳಗೆ ಇರುವವನಿಗೆ ಗೊತ್ತಾಗಿರಲಿಲ್ಲ. ಅವನು ಅದನ್ನು ಮೌನ ಎಂದು ಕರೆದ, ಬಚ್ಚಿಡುವುದು ಎಂದು ಕರೆದ. ಗಂಟಲು ನೋವು ಎಂಬ ಸಾದಾ ಹೆಸರು ಅದಕ್ಕಿದ್ದೀತು ಎಂದು ನೆನೆಯಲಿಲ್ಲ. ಇಬ್ಬರಲ್ಲಿ ಒಬ್ಬರು ಮೂರನೆಯವನಿಗೆ ಹೇಳಿರಬೇಕು ಎಂದು ತರ್ಕ ಮಾಡಿದವನಿಗೆ, ಆ ಇಬ್ಬರಲ್ಲಿ ಒಬ್ಬಳೇ ಫೋನು ಎತ್ತಿಕೊಂಡಿರಬಹುದು ಎಂಬುದು ತೋಚಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಊರವರಿಗೆ ಹೇಳಬಹುದು, ತನಗೆ ತಾನೇ ಹೇಳಿಕೊಳ್ಳುವುದು ಕಷ್ಟ. ಹಿಂಬಾಗಿಲು ಇದ್ದಿದ್ದರೆ ಓಡಿಹೋಗುತ್ತಿದ್ದ.

“ತಪ್ಪಿದ್ರೆ ಸರಿ ಮಾಡಿಕೊಡ್ತಾರೆ. ನಮ್ಮಲ್ಲಿ ಬರೆಯೋರು ಅಂಥಿಂಥವರಲ್ಲ, ಮೊದಲು ಡಿಗ್ರಿ ಪತ್ರ ಬರೀತಿದ್ದೋರು” ಎನ್ನುತ್ತಿದ್ದಳು ಅತ್ತಿಗೆ. “ನಿಮ್ಮೆದುರಿಗೇ ಹೆಸರು ಬಾಯಲ್ಲಿ ಹೇಳ್ತಾರೆ. ನೀವು ಹೂಂ ಅನ್ನಿ, ಆಮೇಲೇ ಬರೆಯೋದು. ಅದು ಅವರ ಪದ್ಧತಿ.”

“ಗೊತ್ತು. ಅವರನ್ನ ಕರೀರಿ.”

ಅವನು ಪರದೆ ಸರಿಸಿ ಬಂದ. ಒಂದು ಕೈಯಲ್ಲಿ ನಿಬ್ಬಿನ ಕೋಲು, ಇನ್ನೊಂದರಲ್ಲಿ ಶಾಯಿಯ ಕುಡಿಕೆ. ಹಾಗೆ ಬರುವುದೇ ಕ್ರಮವಾದ್ದರಿಂದ ಹಾಗೇ ಬಂದ. ಕೌಂಟರಿನ ಒಂದು ಬದಿಗೆ ಅವನು, ಇನ್ನೊಂದು ಬದಿಗೆ ಅವಳು. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

“ನೀವೇನಾ ಬರೆದಿದ್ದು?” ಎಂದಳು.

“ಹೌದು.”

ಅವಳು ಅವನ ಉಗುರುಗಳನ್ನು ನೋಡಿದಳು. “ಡಿಗ್ರಿ ಪತ್ರಕ್ಕೆ ಬೆಳ್ಳಿ ಶಾಯಿ ಬೇಡ ಅಂತ ನನಗೆ ಬಹಳ ದಿನದಿಂದ ಗೊತ್ತಿತ್ತು. ಕಲ್ಲು ತಂದು ಇಟ್ಟಿದ್ದೂ ಅದಕ್ಕೇ. ಒಂದಿನ ನಿಮ್ಮ ಹಿಂದೆಯೇ ಬಂದು ಈ ಅಂಗಡೀನೂ ನೋಡಿದ್ದೆ. ನೀವಾಗಿ ಹೇಳ್ತೀರಿ ಅಂತ ಕಾದೆ.” ಅವಳು ಉಗುಳು ನುಂಗಿದಳು, ನುಂಗುವಾಗ ನೋವಾಗುತ್ತಿರುವುದು ಕಾಣುತ್ತಿತ್ತು. “ಈ ಚೀಟಿ ನಿಮ್ಮ ಕೈಗೇ ಬರುತ್ತೆ ಅಂತ ಗೊತ್ತಿದ್ದೇ ಹೇಳಿದ್ದು. ಬಾಯಲ್ಲಿ ಕರೆಯೋದಂತೂ ಇಲ್ಲ, ಕೈಯಲ್ಲಾದ್ರೂ ಬರೀತಾರಾ ನೋಡೋಣ ಅಂತ. ಮನೆಗೆ ಬಂದು ಏನಾದ್ರೂ ಕೇಳ್ತೀರಿ, ನಗ್ತೀರಿ ಅಂದ್ಕೊಂಡೆ. ಬಸ್ಸು ಜಾಸ್ತಿ ಇತ್ತಾ ಅಂತ ಕೇಳಿದ್ರಿ.”

ಅತ್ತಿಗೆ ಕತ್ತರಿ ಹಿಡಿದುಕೊಂಡೇ ಒಮ್ಮೆ ಅವನನ್ನೂ ಒಮ್ಮೆ ಅವಳನ್ನೂ ನೋಡಿ, ಎಲ್ಲಾ ಅರ್ಥವಾಗಿ, ರಿಬ್ಬನ್ನಿನ ಉಂಡೆ ಹುಡುಕುತ್ತ ಕೌಂಟರಿನ ಕೆಳಗೆ ಬಗ್ಗಿದವಳು ಮೇಲೇಳಲಿಲ್ಲ.

“ಕೈ ತಪ್ಪಿ...” ಎಂದು ಅವನು ಶುರುಮಾಡಿದ.

“ಕೈ ತಪ್ಪಿದ್ದು ಆವತ್ತು. ನಿಮ್ಮ ಕೈ ತಪ್ಪಿದ್ರೆ ಹೇಗಿರುತ್ತೆ ಅಂತ ನಾನು ನೋಡಿದ್ದೀನಿ. ಇದು ತಪ್ಪಿದ ಕೈಯಲ್ಲ.” ಅವಳು ಏತ್ವದ ಮೇಲೆ ಬೆರಳಿಟ್ಟಳು. “ಆವತ್ತು ಇಲ್ಲದ ಕೊಂಬು ಕೊಟ್ರಿ. ಇವತ್ತು ಕೊಟ್ಟಿದ್ದನ್ನೂ ಕಿತ್ಕೊಂಡ್ರಿ. ಯಾರ ಮೇಲೆ ಅನುಮಾನ ಬಂತು?”

ಮೀಸೆಯವನು, ಟೋಪಿಯವನು, ಸಮವಸ್ತ್ರದವರು, ಯಾರೆಂದು ಹೇಳುವುದು? ಅವನು ಹೊಸ ನೀಲಿ ಕಾಗದ ಎಳೆದುಕೊಂಡು ಅವಳ ಮುಂದೆ ಹಾಸಿದ. ಪದ್ಧತಿ ಎಂಬುದೊಂದಾದರೂ ಇತ್ತಲ್ಲ ಆತುಕೊಳ್ಳಲು. ಗಂಟಲು ಸರಿಮಾಡಿಕೊಂಡ. “ಒಂಟಿ...” ಎಂದ. ಹದಿನೆಂಟು ವರ್ಷ ಬಳಸದ ಬೀಗ, ಕೀಲಿ ತಿರುಗಲಿಲ್ಲ. ಅವಳು ಕಾಯುತ್ತಿದ್ದಳು. “ಒಂಟಿಕೊಂಬಿ” ಎಂದ.

ಅವಳು ಹೂಂ ಅನ್ನಲಿಲ್ಲ. ಹಳೆಯ ಕಾಗದವನ್ನೇ ತನ್ನ ಕಡೆ ಎಳೆದುಕೊಂಡು ಮತ್ತೊಮ್ಮೆ ಓದಿದಳು, ಹುಡುಕುತ್ತಿರುವವಳಂತೆ. “ಹೆಸರು ಹೀಗೇ ಇರಲಿ ಬಿಡಿ” ಎಂದಳು. “ಇಷ್ಟು ವರ್ಷ ಆದ ಮೇಲೆ ಇದೇ ಸರಿ ಇರಬಹುದು. ಅದೊಂದು ಜಾಗ ಖಾಲಿ ಇದೆಯಲ್ಲ, ಕೊಡುವವರು ಅಂತ. ಅದನ್ನ ನಿಮಗೇ ಅಂತ ಬಿಟ್ಟಿದ್ದೆ. ತುಂಬಿಕೊಡಿ.”

“ಏನಂತ ಬರೀಲಿ?”

“ಅದನ್ನೂ ನಾನೇ ಹೇಳಬೇಕಾ?”

ಒಂಟಿಕೊಂಬೆ ಎಂಬ ಆ ಅಂದವಾದ ಬೆಳ್ಳಿಯ ಸಾಲಿನ ಕೆಳಗೆ ಒಂದು ಗೇಣು ಜಾಗ ಬರಿದಾಗಿತ್ತು. ಇದರ ಕೆಳಗೆ ಬರೆದರೆ ಇದನ್ನು ಕೊಟ್ಟವನು ತಾನು ಎಂದು ಒಪ್ಪಿಕೊಂಡಂತೆ. ಬರೆಯದಿದ್ದರೆ ಆ ಜಾಗ ಇನ್ನು ಯಾವಾಗಲೂ ಖಾಲಿ. ಅವನು ನಿಬ್ಬನ್ನು ಅದ್ದಿ ಎತ್ತಿದ. ಹೇಳದೆ ಬರೆಯುವಂತಿಲ್ಲ.

“ಗಂಡ” ಎಂದ.

ಎಂದು, ಅವಳ ಹೂಂಗಾಗಿ ನಿಂತ. ಅವಳ ತುಟಿಗಳು ತೆರೆದವು. ಕತ್ತಿನ ಮಫ್ಲರ್ ಅಲುಗಿತು. ನಿಬ್ಬಿನ ತುದಿಯಲ್ಲಿ ಶಾಯಿ ಒಣಗುತ್ತ ಬಂದರೂ ಏನೂ ಕೇಳಿಸಲಿಲ್ಲ. ದನಿ ಬರಲಿಲ್ಲವೋ, ಅವಳು ಅನ್ನಲಿಲ್ಲವೋ, ಅವನಿಗೆ ತಿಳಿಯಲಿಲ್ಲ.